ಇಪ್ಪತ್ತು ನಿಮಿಷ ಮೀರಿ ನೆನೆಯಬಾರದು

ಹಲಗೆಯ ಮೇಲೆ ಹಾಗೆಂದು ಬರೆದಿದೆ. ಓದುವವರಿಲ್ಲ.
ಹೈದೂಸೊಬೊಸ್ಲೊ ಊರಿನ ಬಿಸಿನೀರ ಕೊಳ,
ಕಡು ಚಹಾದ ಬಣ್ಣ, ಟಾರಿನಂಥ ವಾಸನೆ.
ಮುದುಕರು ಕುತ್ತಿಗೆವರೆಗೆ ಅದರಲ್ಲಿ ಕೂತು
ಪಿಂಚಣಿ, ಮಂಡಿನೋವು, ಸತ್ತವರ ಸುದ್ದಿ ಮಾತಾಡುತ್ತಾರೆ.
ನಾನು ದಡದ ಎತ್ತರದ ಕುರ್ಚಿಯಲ್ಲಿ
ಸೀಟಿ ಕಚ್ಚಿಕೊಂಡು ಕಾಯುತ್ತೇನೆ.
ಆರು ವರ್ಷದಲ್ಲಿ ಒಬ್ಬರೂ ಮುಳುಗಿಲ್ಲ.
ಎದ್ದು ನಿಂತರೆ ನೀರು ಎದೆಮಟ್ಟ.

ಮುಳುಗುವುದು ನಾನು, ರಾತ್ರಿ, ಮನೆಯಲ್ಲಿ.
ಪರದೆಯ ನಡುವೆ ಒಂದು ಬೂದು ಚೆಂಡು. ಅದೇ ಮಣ್ಣು.
ಕೈ ಕೆಸರಾಗದ ಕುಂಬಾರಿಕೆ; ಮೊಸರಿನ ಮಾತು ಇನ್ನೂ ದೂರ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವಂತೆ.
ಇಲ್ಲಿ ದೊಣ್ಣೆಯೂ ಬೇಡ, ಎರಡು ಕೀಲಿ ಒಟ್ಟಿಗೆ ಒತ್ತಿದರೆ
ಮೂಗು, ಮೂಗಾಗುವ ಮೊದಲು ಏನಾಗಿತ್ತೋ ಅದಾಗುತ್ತದೆ.

ಮೊದಲ ತಿಂಗಳು ಒಬ್ಬ ರಾಕ್ಷಸನನ್ನು ಮಾಡಿದೆ.
ಕೊಂಬು, ಕವಚ, ಚರ್ಮದ ಒಂದೊಂದು ರಂಧ್ರ,
ಹಲ್ಲಿಗೊಂದು ಬಿರುಕು.
ಆಮೇಲೆ ಅವನ ಕೈ ಎತ್ತಿಸಲು ಹೋದೆ.
ಹೆಗಲೇ ಇರಲಿಲ್ಲ.
ತೋಳು ಬಾಟಲಿಯ ಬಿರಡೆಯ ಹಾಗೆ ಗಿರ್ರನೆ ತಿರುಗಿತು.

ಹಾಗಾಗಿ ಹಿಂದಕ್ಕೆ, ಎಲುಬಿಗೆ.
ಮನುಷ್ಯನೆಂದರೆ ಏಳೂವರೆ ತಲೆ ಎತ್ತರ;
ಪಕ್ಕೆಗೂಡು ಮೊಟ್ಟೆ, ಸೊಂಟ ಓರೆಯಾಗಿಟ್ಟ ಬುಟ್ಟಿ,
ನಡುವೆ ಬೆನ್ನೆಲುಬು, ನೆಟ್ಟಗಿರುವ ಸೋಗಿನಲ್ಲಿ ಬಳುಕುವ ಕಳ್ಳ.
ಮೀನಖಂಡ ಹೊರಗಡೆ ಎತ್ತರ, ಒಳಗಡೆ ತಗ್ಗು,
ಹರಡಿಗೆ ಬಂದರೆ ಇದೇ ತಿರುವುಮುರುವು.
ಮಂಡಿಚಿಪ್ಪು ಹದಿನೇಳು ಸಲ ಮಾಡಿದೆ. ಹದಿನೇಳೂ ಬನ್ನು.
ಕಿವಿಯ ವಿಷಯ ಎತ್ತಬೇಡಿ.

ಈಗೀಗ ಕುರ್ಚಿಯ ಮೇಲಿಂದ ಬೇರೇನೋ ಕಾಣುತ್ತದೆ.
ಏಣಿ ಹತ್ತುವವನ ಬೆನ್ನಲ್ಲಿ ಹೆಗಲಮೂಳೆ
ಚರ್ಮದಡಿ ಜಾರುವುದು,
ಹೊದಿಕೆಯೊಳಗೆ ಬೆಕ್ಕು ಮಗ್ಗುಲು ಬದಲಿಸಿದಂತೆ.
ಟವೆಲು ಹಿಂಡುವಾಗ ಮುಂಗೈಯ ಎರಡೆಲುಬು
ಒಂದರ ಮೇಲೊಂದು ಕತ್ತರಿಯಾಗುವುದು.
ಇಲೋನ್ಕಾ ಅಜ್ಜಿ ಕೈ ಬೀಸಿ ನಿಲ್ಲಿಸಿದ ಮೇಲೂ
ರಟ್ಟೆಯ ಇಳಿಮಾಂಸ ಒಂದು ಗಳಿಗೆ ಬೀಸುತ್ತಲೇ ಇರುವುದು.
ಮೂರು ಗಂಟೆಯ ಬೆಳಕು ಗಾಜಿನ ಮಾಡಿನಿಂದಿಳಿದು
ಕೊರಳಮೂಳೆಯ ಗುಳಿಯಲ್ಲಿ ಉಳಿಸುವ
ಒಂದು ಚಮಚ ನೆರಳು.

"ಏನೇ ಎನಿಕ್ಯೊ, ನನ್ನನ್ನೇ ನೋಡ್ತಿದೀಯ?
ಹೆಂಡತಿ ಹೋದ ಮೇಲೆ ಯಾರೂ ಹೀಗೆ ನೋಡಿಲ್ಲ."
ದೆಝೋ ಬಾಚಿ. ಈ ಸೀಮೆಯಲ್ಲಿ ಹಿರಿಯ ಗಂಡಸರೆಲ್ಲ ಬಾಚಿಗಳೇ.
ಮೂವತ್ತೆಂಟು ವರ್ಷ ರೈಲು ಬೋಗಿಗಳಿಗೆ ಕೊಂಡಿ ಹಾಕಿದವರು.
ಕೆಂಪಾಗಿ ಹೋಗಿ, ಫೋನು ತೆಗೆದು, ತೋರಿಸಿದೆ
ನನ್ನ ಬೂದು ಬೆತ್ತಲೆ ಮನುಷ್ಯನನ್ನು.
ಒದ್ದೆ ಕೈ ಹಿಂದೆ ಕಟ್ಟಿ, ಕಣ್ಣು ಕಿರಿದು ಮಾಡಿ,
ಬಾಚಿ ಒಂದೇ ಏಟು ಹಾಕಿದರು:
"ಈ ಹುಡುಗ ಯಾವತ್ತೂ ಕೆಲಸ ಮಾಡಿಲ್ಲ."

ಆಮೇಲೆ ಬೆನ್ನು ತೋರಿಸಿ ನಿಂತರು,
ದರ್ಜಿಯ ಮುಂದೆ ನಿಂತವರ ಹಾಗೆ.
ಬಲಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ.

ರಾತ್ರಿ, ಎಡಕ್ಕೆ ಮಾಡಿದ್ದನ್ನೆಲ್ಲ ಬಲಕ್ಕೂ ಮೂಡಿಸುವ
ಕನ್ನಡಿಯನ್ನು ಆರಿಸಿದೆ.
ಒಂದೇ ಒಂದು ಹೆಗಲನ್ನು ಎರಡು ಬೆರಳು ಒತ್ತಿದೆ.
ಅಷ್ಟಕ್ಕೇ ಸೊಂಟ ಏಳಿಸಬೇಕಾಯಿತು,
ಪಕ್ಕೆ ಮಡಿಸಬೇಕಾಯಿತು, ಪಾದ ಹೊರಳಿಸಬೇಕಾಯಿತು,
ತಲೆಯನ್ನು, ಬಿದ್ದೀತೆಂದು, ಆಚೆಗೆ ವಾಲಿಸಬೇಕಾಯಿತು.
ಎರಡೂವರೆ ಗಂಟೆ ಹೊತ್ತು ನೆನೆಯುತ್ತ ಕೂತಿದ್ದೆ
ಆ ಬೆನ್ನನ್ನು, ನಾನು ಕಾಣದ ಆ ಕೊಂಡಿಗಳ ತೂಕವನ್ನು.

ಕಿವಿ ಮಾತ್ರ ಬರಲೇ ಇಲ್ಲ.
ನಾಳೆ ರಬ್ಬರು ಟೋಪಿ ತೆಗೆಯಿರಿ ಎಂದು ಕೇಳಬೇಕು.
ನೀರಲ್ಲಿ ಟೋಪಿ ತೆಗೆಯುವಂತಿಲ್ಲ.
ಅದನ್ನು ಸೀಟಿ ಊದಿ ಹೇಳಬೇಕಾದವಳೂ ನಾನೇ.